ಕಲ್ಲು ಮಣ್ಣಾಗುವುದನ್ನು ತೋರಿಸಿದ ಈಶ್ವರಯ್ಯ ಮಾಸ್ತರರು

ನಿಲಂಗಾ, ಉಮರ್ಗಾ, ಉದಗೀರ ತಾಲೂಕುಗಳ ಈ ಎರೆಯ ಸೀಮೆಯಲ್ಲಿ ಮಣ್ಣನ್ನು ಉಳುವವರು ಬಹಳ ಮಂದಿ; ಮಣ್ಣಿಗಾಗಿ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟವರು, ತಹಸೀಲ ಕಚೇರಿಯ ಕಟ್ಟೆಯ ಮೇಲೆ ಕುಳಿತೇ ಮುಪ್ಪಾದವರು ಅವರಿಗಿಂತ ಕಡಿಮೆಯೇನಲ್ಲ. ಆದರೆ ಈ ಮಣ್ಣು ಎಲ್ಲಿಂದ ಬಂತು, ಕಲ್ಲಾಗಿದ್ದದ್ದು ಹೇಗೆ ಮೆತ್ತಗಾಯಿತು, ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುವುದು ಮಳೆಗಾಲದಲ್ಲಿ ಏಕೆ ಉಬ್ಬಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನಮ್ಮ ಆಡುಮಾತಿನಲ್ಲಿ ನಮಗೆ ತಿಳಿಯುವಂತೆ ಹೇಳಿಕೊಟ್ಟವರು ಯಾರೆಂದು ಕೇಳಿದರೆ, ಈ ಭಾಗದ ಮೂರು ತಲೆಮಾರಿನ ರೈತರು ಒಂದೇ ಹೆಸರನ್ನು ಹೇಳಿಯಾರು. ಆ ಹೆಸರು ಈಶ್ವರಯ್ಯ ಮಾಸ್ತರರದು. ನಿಜಾಮ ಸರಕಾರದ ಕೃಷಿ ಖಾತೆಯಲ್ಲಿಯೂ ಶಾಲಾ ಖಾತೆಯಲ್ಲಿಯೂ ದುಡಿದು ಈ ವರ್ಷ ಅವರು ವಜೀಫೆಯ, ಅಂದರೆ ಪಿಂಚಣಿಯ, ಮೇಲೆ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ಗೆಳೆಯರೂ ಶಿಷ್ಯರೂ ಕೂಡಿ ಹೊರತರುತ್ತಿರುವ ಈ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ನಿಲಂಗಾದ ಶಾಲೆಯಲ್ಲಿ ಅವರು ಬೇಸಾಯದ ಪಾಠ ಹೇಳುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದವನು ನಾನು. ನಡುವೆ ಇದ್ದದ್ದು ತಟ್ಟಿಯ ಗೋಡೆ. ಆದ್ದರಿಂದ ಅವರ ಪಾಠವನ್ನೆಲ್ಲ ನಾನೂ ಕೇಳಿದ್ದೇನೆ, ಮತ್ತು ನನ್ನ ವಿದ್ಯಾರ್ಥಿಗಳು ಲೆಕ್ಕ ಬಿಟ್ಟು ಅದನ್ನೇ ಕೇಳುತ್ತಿದ್ದರೆಂಬ ಅಸೂಯೆಯನ್ನೂ ಅನುಭವಿಸಿದ್ದೇನೆ.

ಈಶ್ವರಯ್ಯನವರು ಹುಟ್ಟಿದ್ದು ಉಮರ್ಗಾದ ಬಳಿಯ ಒಂದು ಹಳ್ಳಿಯ ಜಂಗಮ ಮನೆತನದಲ್ಲಿ. ಸುತ್ತಲಿನ ಒಕ್ಕಲು ಮನೆಗಳ ಮದುವೆ, ಲಿಂಗದೀಕ್ಷೆ, ಗುರುಪೂಜೆಗಳನ್ನು ನಡೆಸಿಕೊಡುವುದು ಅವರ ಮನೆಯವರ ಕಾಯಕ. ತಂದೆಯವರ ಜೊತೆ ಮನೆಯಿಂದ ಮನೆಗೆ ತಿರುಗುವಾಗ ಪೂಜೆಗಿಂತ ಹೆಚ್ಚಾಗಿ ಅವರ ಕಣ್ಣು ಆ ಮನೆಗಳ ಹೊಲದ ಮೇಲೆ ಇರುತ್ತಿತ್ತಂತೆ. ಒಂದೇ ಊರಿನಲ್ಲಿ ಒಬ್ಬರ ಹೊಲ ಕಪ್ಪು, ಇನ್ನೊಬ್ಬರದು ಬೂದಿ ಬಣ್ಣ, ಮತ್ತೊಬ್ಬರದು ಬರೀ ಗರಸು, ಕಲ್ಲುಪುಡಿಯ ನೆಲ. ಏಕೆ ಹೀಗೆ ಎಂದು ಕೇಳಿದಾಗ ತಂದೆಯವರು ಶಿವನಿಚ್ಛೆ ಎಂದರಂತೆ. ಶಿವನಿಚ್ಛೆಯನ್ನು ಅವರು ಎಂದೂ ಅಲ್ಲಗಳೆಯಲಿಲ್ಲ. ಆದರೆ ಅದು ಯಾವ ದಾರಿಯಿಂದ ನಡೆಯಿತೆಂದು ತಿಳಿಯುವ ಆಸೆಯಿಂದ ಹೈದರಾಬಾದಿಗೆ ಹೋದರು. ಅಲ್ಲಿ ಸರಕಾರಿ ತೋಟದಲ್ಲಿ ಬೇಸಾಯದ ತರಬೇತಿ ಪಡೆದು, ಫಸಲಿ ೧೩೨೫ರ (ಇಸವಿ ೧೯೧೫ರ) ಸುಮಾರಿಗೆ ಉದಗೀರಕ್ಕೆ ನೌಕರಿಯ ಮೇಲೆ ಬಂದರು.

ಉದಗೀರದ ಸುತ್ತ ಕೆಂಪು ಮಣ್ಣೂ ಕಪ್ಪು ಮಣ್ಣೂ ಒಂದರ ಮಗ್ಗುಲಿಗೆ ಒಂದು ಬಂದು ನಿಲ್ಲುತ್ತವೆ. ಹೊಸ ನೌಕರನ ಮಾತನ್ನು ಯಾರು ಕೇಳುತ್ತಾರೆ? ಅದನ್ನು ಬಲ್ಲ ಈಶ್ವರಯ್ಯನವರು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಎರಡು ಗಾಜಿನ ಬಾಟಲಿಗಳಲ್ಲಿ ಎರಡೂ ಬಗೆಯ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಇಟ್ಟುಬಿಡುತ್ತಿದ್ದರು. ಬಾಯಿಂದ ಒಂದು ಮಾತೂ ಆಡುತ್ತಿರಲಿಲ್ಲ. ಹಾದು ಹೋಗುವವರೇ ನಿಂತು ಏನಿದು ಎಂದು ಕೇಳಬೇಕು. ಮೊದಲು ಉಸುಕು ತಳಕ್ಕೆ ಕೂಡುತ್ತದೆ. ಅದರ ಮೇಲೆ ಹಿಟ್ಟಿನಂಥ ಸಣ್ಣ ಮಣ್ಣು. ಎಲ್ಲಕ್ಕಿಂತ ನುಣುಪಾದ ಜಿಗುಟು ಮಾತ್ರ ನೀರನ್ನು ಬಿಟ್ಟು ಇಳಿಯಲು ಒಲ್ಲದು, ಮರುದಿನ ಬಂದು ನೋಡಿದರೂ ಎರೆಯ ಬಾಟಲಿಯ ನೀರು ರಾಡಿಯಾಗಿಯೇ ಇರುತ್ತದೆ. ಕೆಂಪು ಮಣ್ಣು ಬಂದ ಮಳೆಯನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುವುದಕ್ಕೂ, ಎರೆ ಮಣ್ಣು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಮುಂದೆ ಹನಿ ಮಳೆಯಿಲ್ಲದೆಯೇ ಬಿಳಿಜೋಳವನ್ನು ಬೆಳೆಸುವುದಕ್ಕೂ ಕಾರಣ ಈ ಜಿಗುಟಿನ ಹೆಚ್ಚುಕಡಿಮೆಯೇ ಎಂದು ಅವರು ಆಗ ಹೇಳುತ್ತಿದ್ದರು. ಜೋಳ ಬೆಳೆಯುವುದು ಆ ರೈತರಿಗೆ ಗೊತ್ತಿದ್ದ ಸಂಗತಿ. ಏಕೆ ಬೆಳೆಯುತ್ತದೆ ಎಂಬುದು ಬಾಟಲಿಯಲ್ಲಿ ಕಂಡಾಗ ಮಾತ್ರ ಅವರ ಮುಖದಲ್ಲಿ ಅರಳುತ್ತಿದ್ದ ಸಂತೋಷವನ್ನು ಮಾಸ್ತರರು ಇಂದಿಗೂ ಬಣ್ಣಿಸುತ್ತಾರೆ.

ಕೆಲವು ವರ್ಷಗಳ ಮೇಲೆ ಅವರನ್ನು ನಿಲಂಗಾದ ನಮ್ಮ ಶಾಲೆಗೆ ಬೇಸಾಯದ ಶಿಕ್ಷಕರನ್ನಾಗಿ ಕಳಿಸಲಾಯಿತು. ಸರಕಾರದ ಅಪ್ಪಣೆಯಂತೆ ಪಾಠ ಉರ್ದುವಿನಲ್ಲಿ ನಡೆಯಬೇಕು. ಅದರಂತೆ ನಡೆಸಿ, ಗಂಟೆ ಬಾರಿಸಿದ ಮೇಲೆ ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ ಅದೇ ಪಾಠವನ್ನು ಕನ್ನಡ ಮನೆಯವರಿಗೆ ಕನ್ನಡದಲ್ಲಿ, ಮರಾಠಿ ಮನೆಯವರಿಗೆ ಮರಾಠಿಯಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಹೊರಗಿನ ಆ ಪಾಠಕ್ಕೆ ಬಿಡುವಿದ್ದಾಗಲೆಲ್ಲ ನಾನೂ ಹೋಗಿ ನಿಲ್ಲುತ್ತಿದ್ದೆ. ನಮ್ಮ ಕರಿಕಲ್ಲು ಬಿಸಿಲಿಗೆ ಕಾಯ್ದು, ಸಂಜೆಗೆ ತಣಿದು, ಮಳೆಯ ನೀರನ್ನು ಸಣ್ಣ ಸಣ್ಣ ಬಿರುಕುಗಳಲ್ಲಿ ಇಳಿಸಿಕೊಂಡು, ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಪದರಾಗಿ ಸುಲಿಯುವುದನ್ನು ಅವರು ಕೈಯಿಂದ ಬಿಡಿಸಿ ತೋರಿಸಿದ್ದು ನನಗೆ ನೆನಪಿದೆ. ಸುಲಿದದ್ದು ಗರಸಾಗುತ್ತದೆ, ಗರಸು ಕೊಳೆತು ಮಣ್ಣಾಗುತ್ತದೆ, ನಮ್ಮ ಹೆಣ್ಣುಮಕ್ಕಳು ಮಸಾಲೆಗೆ ಹಾಕುವ ಕಲ್ಲುಹೂವು ಕೂಡ ಬಂಡೆಯ ಮೇಲೆ ಕುಳಿತು ತನ್ನ ಹುಳಿಯಿಂದ ಅದನ್ನು ಅಷ್ಟಷ್ಟೇ ತಿನ್ನುತ್ತದೆ, ಹುಲ್ಲಿನ ಬೇರು, ಇರುವೆ, ಎರೆಹುಳ ಇವೆಲ್ಲ ಆ ಪುಡಿಯಲ್ಲಿ ಉಸಿರಾಡಲು ಜಾಗ ಮಾಡುತ್ತವೆ. ಮುಷ್ಟಿ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ತೆರಪು, ಆ ತೆರಪಿನಲ್ಲಿ ಗಾಳಿ ನೀರು ಎರಡೂ ಹಂಚಿಕೊಂಡು ಇದ್ದರೇ ಬೇರಿಗೆ ಬಾಳುವೆ ಎಂದು ಅವರು ಹೇಳಿದ ದಿನ, ತುಳಿದು ತುಳಿದು ಗಟ್ಟಿಯಾದ ನಮ್ಮ ಶಾಲೆಯ ಅಂಗಳದಲ್ಲಿ ಹೂವಿನ ಗಿಡ ಏಕೆ ಬದುಕುವುದಿಲ್ಲ ಎಂಬುದು ನನಗೂ ತಿಳಿಯಿತು.

ಅವರ ಉಪಕಾರಗಳಲ್ಲಿ ನನ್ನ ಮನೆಗೆ ಸಂಬಂಧಿಸಿದ್ದನ್ನು ಮೊದಲು ಹೇಳಬೇಕು. ನಿಲಂಗಾದಲ್ಲಿ ನಾನು ಇದ್ದ ಮನೆಯ ಪಡಸಾಲೆಯ ಗೋಡೆ ವರ್ಷವರ್ಷವೂ ಬಿರುಕು ಬಿಡುತ್ತಿತ್ತು. ಮೆತ್ತಿದಷ್ಟೂ ಬಿಡುತ್ತಿತ್ತು. ನನ್ನ ಅತ್ತೆಯವರು ಅದಕ್ಕೆ ದೃಷ್ಟಿ ತೆಗೆಸಿದರು, ನಿಂಬೆಹಣ್ಣು ಕಟ್ಟಿಸಿದರು. ನನ್ನ ಹೆಂಡತಿ ಚಂಪಾಬಾಯಿ ಚೊಚ್ಚಲ ಬಸುರಿಯಾಗಿ ಅದೇ ಗೋಡೆಯ ಬುಡದಲ್ಲಿ ಮಂಚ ಹಾಕಿಕೊಂಡು ಮಲಗುತ್ತಿದ್ದ ಬೇಸಿಗೆಯಲ್ಲಿ ಒಮ್ಮೆ ಮಾಸ್ತರರು ಊಟಕ್ಕೆ ಬಂದರು. ಎಲೆಯ ಮುಂದೆ ಕೂಡುವ ಮೊದಲು ಗೋಡೆಯ ಹೊರಮಗ್ಗುಲಿಗೆ ಹೋಗಿ, ನೆಲದ ಬಿರುಕಿನಲ್ಲಿ ಒಂದು ಕೋಲು ಇಳಿಬಿಟ್ಟು ನೋಡಿ, ಒಳಗೆ ಬಂದು ಗಂಭೀರವಾಗಿ ಹೇಳಿದರು:

“ರೇವಣಪ್ಪ, ಇದು ದೃಷ್ಟಿ ಅಲ್ಲೋ. ಬುನಾದಿ ಎರೀ ಮ್ಯಾಲೇ ನಿಂತದ. ಬ್ಯಾಸಗ್ಯಾಗ ಕುಗ್ಗತದ, ಮಳಿ ಬಿದ್ದ ಕೂಡ್ಲೆ ಉಬ್ಬತದ. ಗ್ವಾಡಿ ಎಷ್ಟ ಅಂತ ತಾಳ್ಯಾತು? ಈ ಸಲ ಬಿರುಕು ಬಹಳ ಆಳ ಅದ. ತಂಗೀನ ಇಲ್ಲಿ ಮಲಗಸಬ್ಯಾಡ.”

“ಬ್ಯಾರೆ ಕೋಣಿ ಎಲ್ಯದ ಮಾಸ್ತರ್?” ಎಂದೆ ನಾನು.

“ನಮ್ಮ ಮನ್ಯಾಗ ಅದ,” ಎಂದರು ಅವರು.

ಅಂದೇ ಸಂಜೆ ಅವರ ಧರ್ಮಪತ್ನಿ ಪಾರ್ವತಿಬಾಯಿಯವರು ತಾವೇ ಬಂದು ಚಂಪಾಬಾಯಿಯನ್ನು ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ ಕಂಡವರ ಮನೆಯಲ್ಲೇ ಎಂದು ನನ್ನ ಅತ್ತೆಯವರು ಸಿಟ್ಟಾಗಿ ತಮ್ಮ ಊರಿಗೆ ಹೊರಟುಹೋದರು. ಮೃಗಶಿರದ ಮೊದಲ ದೊಡ್ಡ ಮಳೆ ಹೊಯ್ದ ಮರುದಿನ, ನಾನು ಶಾಲೆಯಲ್ಲಿದ್ದಾಗ, ಮಟಮಟ ಮಧ್ಯಾಹ್ನ ಆ ಗೋಡೆ ಒಳಮಗ್ಗುಲಿಗೆ ಮಲಗಿತು. ಮಂಚ ನುಚ್ಚುನೂರಾಗಿತ್ತು. ಅದನ್ನು ನೋಡಿ ನೇರವಾಗಿ ಬಂದು ಮಾಸ್ತರರ ಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನನ್ನ ಮಗಳು ಹುಟ್ಟಿದ್ದು ಅವರ ಮನೆಯಲ್ಲಿ. ಆಕೆ ಇಂದಿಗೂ ಅವರನ್ನು ಸ್ವಂತ ಅಜ್ಜನಂತೆ ಮುತ್ಯಾ ಎಂದೇ ಕರೆಯುತ್ತಾಳೆ. ಆ ಗೋಡೆಯನ್ನು ಮತ್ತೆ ಕಟ್ಟುವಾಗ ಮಾಸ್ತರರು ರಜೆಯ ದಿನಗಳಲ್ಲಿ ಬಂದು ನಿಂತು, ಗರಸು ಸಿಗುವವರೆಗೆ ಬುನಾದಿ ತೋಡಿಸಿ, ಸುತ್ತಲೂ ನೀರು ಹರಿದುಹೋಗಲು ಕಾಲುವೆ ತೆಗೆಸಿದರು.

ಇನ್ನು ಅವರ ಬಾಳಿನ ಕಠಿಣ ಪ್ರಸಂಗವೊಂದನ್ನು ಹೇಳಬೇಕಾಗಿದೆ. ಅಭಿನಂದನೆಯ ಪುಸ್ತಕದಲ್ಲಿ ಇಂಥದನ್ನು ಬರೆಯಬಹುದೇ ಎಂದು ಸಂಪಾದಕರು ಅನುಮಾನಿಸಿದರು. ಮಾಸ್ತರರನ್ನೇ ಕೇಳಿದಾಗ, “ಅದನ್ನ ಬಿಟ್ಟು ಬ್ಯಾರೆ ಏನ್ ಬರೀತಿ?” ಎಂದು ನಕ್ಕರು. ಆದ್ದರಿಂದ ಬರೆಯುತ್ತಿದ್ದೇನೆ.

ನಿಲಂಗಾದಿಂದ ಲೋಹಾರಾ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಕಲ್ಯಾಣಪ್ಪನವರದು ದೊಡ್ಡ ಒಕ್ಕಲುತನ. ಇಳಿಜಾರಿನ ಕೆಳಗೆ ಅವರ ಆಳವಾದ ಎರೆಹೊಲ. ಅದರ ಮೇಲ್ಭಾಗದಲ್ಲಿ ಕಲ್ಲು ಗರಸಿನ ಹೊಲವೊಂದು, ಅವರ ತಮ್ಮನದು. ಪಾಲಾಗುವಾಗ ತಮ್ಮನೇ ದನದ ಹಟ್ಟಿಗೆಂದು ಅದನ್ನು ಕೇಳಿ ಪಡೆದಿದ್ದ. ಇನ್‌ಫ್ಲುಯೆಂಜಾ ಬೇನೆಯಲ್ಲಿ ಅವನು ತೀರಿಕೊಂಡ. ಅವನ ಹೆಂಡತಿ ಕಾಂತಾಬಾಯಿಗೆ ಆಗ ಇನ್ನೂ ಎಳೆಯ ವಯಸ್ಸು, ಮಕ್ಕಳಿರಲಿಲ್ಲ. ಮಾವ ಕೆಟ್ಟವರಲ್ಲ. ನಮ್ಮ ಮನೆಯಲ್ಲೇ ಇರು, ಉಣ್ಣು, ಆ ಕಲ್ಲಿನಲ್ಲಿ ಏನು ಬೆಳೆಯುತ್ತೀ ಎಂದು ಎಷ್ಟೋ ಸಲ ಹೇಳಿದರು. “ಉಣ್ಣಾಕ ಬರ್ತೀನ್ರಿ ಭಾವ, ಹಬ್ಬಕ್ಕ ಬರ್ತೀನಿ,” ಎಂದು ಹೇಳಿ ಆಕೆ ಮೇಲಿನ ಹೊಲದ ಗುಡಿಸಲಲ್ಲೇ ಉಳಿದಳು.

ನಮ್ಮ ಶಾಲೆಯ ಬೇಸಾಯದ ಪಾಠಕ್ಕೆ ನಿಲಂಗಾದ ಹೊರಗೆ ಒಂದು ತುಂಡು ನೆಲವನ್ನು ಬಿಟ್ಟುಕೊಟ್ಟವರೂ ಕಲ್ಯಾಣಪ್ಪ ಮಾವನವರೇ. ಆ ಗುರುತಿನಿಂದ ಮಾಸ್ತರರು ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಆ ಹಳ್ಳಿಗೆ ಬಂದು, ಮೇಲಿನ ಹೊಲದಲ್ಲಿ ಸುಲಿಯುತ್ತಿದ್ದ ಬಂಡೆಯನ್ನು ತೋರಿಸುತ್ತ ಕಲ್ಲು ಹೇಗೆ ಮಣ್ಣಾಗುತ್ತದೆ ಎಂದು ವಿವರಿಸಿದರು. ಗುಡಿಸಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಂತಾಬಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ಮಾಸ್ತರ್, ಕಲ್ಲು ಮಣ್ಣಾಗ್ತದಂತ ಹೇಳಿದ್ರಿ. ಎಷ್ಟು ದಿನಕ್ಕ ಆಗ್ತದ್ರಿ?”

ಮಾಸ್ತರರು ನಕ್ಕರು. “ತಾಯಿ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನೋಡ್ಯಾರು. ಅದೂ ಜರಾಸೆ, ಒಂದೀಟು.”

“ನನಗ ಅಷ್ಟು ಪುರಸತ್ತಿಲ್ರಿ,” ಎಂದಳು ಕಾಂತಾಬಾಯಿ.

ಮಾಸ್ತರರ ನಗೆ ಅಲ್ಲಿಗೇ ನಿಂತಿತು. ಮುಂದಿನ ರಜೆಯಲ್ಲಿ ಒಬ್ಬರೇ ಹೋಗಿ ಆಕೆಗೆ ಹೇಳಿದ್ದು ಇಷ್ಟು: ಹೊಸ ಮಣ್ಣನ್ನು ಅವಸರದಿಂದ ಹುಟ್ಟಿಸಲು ಯಾರಿಂದಲೂ ಆಗದು, ಆದರೆ ಮೇಲಿನ ಗುಡ್ಡದಿಂದ ಪ್ರತಿ ಮಳೆಗೂ ತೊಳೆದು ಬರುವ ಸಣ್ಣ ಮಣ್ಣು ಈ ಹೊಲದ ಮೇಲೆ ಹಾಯ್ದು ಹೋಗುತ್ತಿದೆ, ಅದನ್ನು ತಡೆದು ನಿಲ್ಲಿಸಬಹುದು, ಎಲೆ, ಹುಲ್ಲು, ಗೊಬ್ಬರ ಕೂಡಿಸಿದರೆ ಆ ಮಣ್ಣು ನೀರು ಹಿಡಿಯುತ್ತದೆ. ಹೊಲದಲ್ಲಿ ಬಿದ್ದಿದ್ದ ಕಲ್ಲುಗಳನ್ನೇ ಆರಿಸಿ ಅಡ್ಡಡ್ಡ ಒಡ್ಡುಗಳನ್ನು ಹಾಕಲು ಗೆರೆ ಎಳೆದುಕೊಟ್ಟರು. ಕುರಿಗಾರ ಬೀರಣ್ಣನಿಗೆ ಹೇಳಿ ಅವನ ಹಿಂಡನ್ನು ಬೇಸಿಗೆಯಲ್ಲಿ ಅಲ್ಲಿ ತಂಗಿಸಿದರು. ಆಕೆ ಕಲ್ಲು ಹೊತ್ತ ರೀತಿಯನ್ನು ಊರೇ ನೋಡಿತು. ಮೊದಮೊದಲು ನಕ್ಕವರು ಆಮೇಲೆ ಸುಮ್ಮನಾದರು. ಮೊದಲು ಹುರುಳಿ, ಆಮೇಲೆ ತೊಗರಿ. ಒಡ್ಡುಗಳ ಹಿಂದೆ ಮಣ್ಣು ಏರುತ್ತ ಬಂತು. ಹೊಲದ ಬಣ್ಣವೇ ಬದಲಾಯಿತು.

ಹೀಗಿರುವಾಗ ಒಂದು ವರ್ಷ ಹಸ್ತ ಮಳೆ ಎಂದೂ ಕಾಣದ ಹಾಗೆ ಹೊಯ್ಯಿತು. ಕಾಂತಾಬಾಯಿಯ ಎಲ್ಲಕ್ಕಿಂತ ಕೆಳಗಿನ ಒಡ್ಡು, ಕಲ್ಯಾಣಪ್ಪ ಮಾವನ ಹೊಲಕ್ಕೆ ಹತ್ತಿಕೊಂಡಿದ್ದದ್ದು, ಮೂಲೆಯಲ್ಲಿ ಒಡೆಯಿತು. ಅದರ ಹಿಂದೆ ನಿಂತಿದ್ದ ನೀರೆಲ್ಲ ಕಲ್ಲು ಗರಸನ್ನು ಹೊತ್ತುಕೊಂಡು ಕೆಳಗೆ ನುಗ್ಗಿ, ಆಗಷ್ಟೇ ಮೊಳೆತು ನಿಂತಿದ್ದ ಬಿಳಿಜೋಳವನ್ನು ಮುಚ್ಚಿತು. ಎರೆಹೊಲದ ನಡುವೆ ಆಳವಾದ ಕೊರಕಲು ಬಿದ್ದಿತು. ಮಾವ ಬೆಳಗ್ಗೆ ಹೋಗಿ ನೋಡಿದರು. ತಲೆಮಾರುಗಳಿಂದ ಬಂದ ಹೊಲ. ಅವರು ಹೊಲದಲ್ಲೇ ಕುಸಿದು ಕುಳಿತು ಅತ್ತರೆಂದು ಬೀರಣ್ಣ ನನಗೆ ಹೇಳಿದ. ಎದ್ದ ಮೇಲೆ ಆಳುಗಳನ್ನು ಕರೆದುಕೊಂಡು ಮೇಲೇರಿ ಒಡ್ಡುಗಳನ್ನು ಕೀಳಿಸತೊಡಗಿದರು. ಕಾಂತಾಬಾಯಿ ಓಡಿ ಬಂದು ಕೆಳಗಿನ ಒಡ್ಡಿನಲ್ಲಿ ಒಡೆಯದೆ ಉಳಿದ ಭಾಗದ ಮೇಲೆ ಹತ್ತಿ ನಿಂತಳು.

“ಭಾವ, ನನ್ನ ಮ್ಯಾಲ ಕಲ್ಲು ಹಾಕ್ರಿ. ಇದರ ಕಲ್ಲು ಮುಟ್ಟಬ್ಯಾಡ್ರಿ.”

ಹೆಣ್ಣುಮಗಳನ್ನು ಮುಟ್ಟಿ ಕೆಳಗಿಳಿಸಲು ಯಾರೂ ಮುಂದಾಗಲಿಲ್ಲ. ಮಾತು ಮಠಕ್ಕೆ ಹೋಯಿತು. ಮಠದ ಹಿರಿಯರಾದ ಬಸವಲಿಂಗಯ್ಯನವರ ಮುಂದೆ ಊರ ಪಂಚರು ಕೂಡಿದರು. ಮೇಲಿನ ಹೊಲವನ್ನು ಆಕೆ ಭಾವನಿಗೆ ಬಿಟ್ಟುಕೊಟ್ಟು, ಅವರ ಮನೆಯಲ್ಲಿ ಅನ್ನ ಬಟ್ಟೆ ಪಡೆದು ಇರಬೇಕು ಎಂಬ ಮಾತಿಗೆ ಹೆಚ್ಚು ಮಂದಿ ಒಪ್ಪಿದಂತೆ ಕಂಡಿತು. ಒಡ್ಡು ಹಾಕಲು ಹೇಳಿದವರ ಮಾತನ್ನೂ ಕೇಳೋಣ ಎಂದು ಬಸವಲಿಂಗಯ್ಯನವರು ಮಾಸ್ತರರನ್ನು ಕರೆಸಿದರು. ನಾನೂ ಜೊತೆಗೆ ಹೋದೆ.

ಮಠದ ಬಾಗಿಲಲ್ಲಿಯೇ ಕಲ್ಯಾಣಪ್ಪ ಮಾವ ಮಾಸ್ತರರ ಕೈ ಹಿಡಿದುಕೊಂಡರು. ಅವರ ಮೇಲೆ ಮಾವನಿಗೆ ಸಿಟ್ಟಿರಲಿಲ್ಲ.

“ಮಾಸ್ತರ್, ನೀವು ಹೇಳಿದ್ದು ಒಂದು, ಆಕಿ ಮಾಡಿದ್ದು ಒಂದು. ನೀವು ಹಾಕಿದ ಒಡ್ಡಿನ ಮ್ಯಾಲ ಆಕಿ ಮತ್ತ ಕಲ್ಲು ಏರಿಸ್ಯಾಳ, ಊರೆಲ್ಲ ನೋಡ್ಯದ. ಅಷ್ಟು ಮಾತು ಹೇಳ್ರಿ ಸಾಕು. ನಿಮ್ಮ ಹೆಸರಿಗೆ ಏನೂ ಬರಂಗಿಲ್ಲ.”

ಅದು ಸುಳ್ಳಲ್ಲ. ಕಾಂತಾಬಾಯಿ ಒಡ್ಡನ್ನು ತಾನಾಗಿ ಎತ್ತರಿಸಿದ್ದು ನಿಜ. ಒಳಗೆ ಕುಳಿತಿದ್ದ ಆಕೆಯ ಮುಖ ನೋಡಿದರೆ ತಪ್ಪು ತನ್ನದೇ ಎಂದು ಆಕೆಯೂ ನಂಬಿದಂತಿತ್ತು. ಮಾಸ್ತರರು ಮಾವನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ನೋಡದೆ ನಾನೇನೂ ಹೇಳಲಾರೆ, ಎಲ್ಲರೂ ಹೊಲಕ್ಕೆ ಬರಬೇಕು ಎಂದು ಕೇಳಿಕೊಂಡರು.

ಒಡೆದ ಮೂಲೆಯಲ್ಲಿ ಅವರು ತಾವೇ ಗುದ್ದಲಿ ಹಿಡಿದರು. ಮೇಲಿನ ಗರಸನ್ನು ಎಳೆದುಹಾಕಿ ಕೆಳಗೆ ತೋಡಿದರೆ ಅಲ್ಲಿ ಗಟ್ಟಿ ನೆಲ ಸಿಗಲಿಲ್ಲ. ಗರಸಿನ ಕೆಳಗೆ ಅಡಗಿದ್ದ ಎರೆಯ ಗುಂಡಿ ಸಿಕ್ಕಿತು. ಒಂದು ಹೆಂಟೆಯನ್ನು ಕಿತ್ತು ಕೈಯಲ್ಲಿ ಒಡೆದರು. ಒಡೆದ ಮುಖ ಎಣ್ಣೆ ಹಚ್ಚಿ ತಿಕ್ಕಿದಂತೆ ಮಿರಮಿರ ಮಿಂಚುತ್ತಿತ್ತು. ಅವರು ಮೊಣಕಾಲೂರಿ ಅದನ್ನು ತಿರುವಿ ತಿರುವಿ ನೋಡಿದರು. ಬಳಿಕ ಎದ್ದು ಅದನ್ನು ಬಸವಲಿಂಗಯ್ಯನವರ ಕೈಗೆ ಕೊಟ್ಟರು.

“ಅಯ್ಯನವರೇ, ನೋಡ್ರಿ. ಎರಿ ಉಬ್ಬಿ ಕುಗ್ಗಿ, ಒಂದರ ಮ್ಯಾಲ ಒಂದು ಜಾರಿದಾಗ ಹಿಂಗ ಹೊಳೀತದ. ಬ್ಯಾಸಗ್ಯಾಗ ಈ ಒಡ್ಡಿನ ಬುಡಕ್ಕ ನೆಲ ಬಿರದದ. ಮಳಿ ನೀರು ಆ ಬಿರುಕಿನ್ಯಾಗ ಇಳದು ತಳಾನೇ ಜಾರಸ್ಯದ. ಕಾಂತಾಬಾಯಿ ಏರಿಸಿದ ಕಲ್ಲು ಆಕಡಿ ನೋಡ್ರಿ, ಗಟ್ಟಿ ನೆಲದ ಮ್ಯಾಲ ಇದ್ದದ್ದು ಜಾಗಾ ಬಿಟ್ಟಿಲ್ಲ. ಹೋಗಿದ್ದು ತಳ. ತಳದ ಗೆರಿ ಎಳದಂವ ನಾ.”

ಕಲ್ಯಾಣಪ್ಪ ಮಾವ ತಡೆಯಲು ನೋಡಿದರು. “ಮಾಸ್ತರ್, ನಿಮಗ ಹೆಂಗ ಗೊತ್ತಾಗಬೇಕು, ನೆಲದಾಗ ಇದ್ದದ್ದು...”

“ಅಗದು ನೋಡಿದ್ರ ಗೊತ್ತಾಗ್ತಿತ್ತು ಕಲ್ಯಾಣಪ್ಪ. ಶಾಲ್ಯಾಗ ದಿನಾ ಅದನ್ನೇ ಹೇಳ್ತೀನಿ. ಇಲ್ಲಿ ಮ್ಯಾಲ ಗರಸು ಕಂಡು, ಕೆಳಗೂ ಗರಸೇ ಅದ ಅಂತ ತಿಳಕೊಂಡು ಬಿಟ್ಟೆ. ಗಲತಿ ನಂದು. ಈಕೀದು ಏನೂ ಇಲ್ಲ. ನಿಮ್ಮ ಜ್ವಾಳ ಹಾಳಾಗಿದ್ದು ನನ್ನಿಂದ.”

ಸರಕಾರಿ ಸಂಬಳದ ಶಿಕ್ಷಕ, ಮೇಲಾಗಿ ಊರವರು ಕಾಲಿಗೆರಗುವ ಮನೆತನದವರು, ಹೊಲದ ನಡುವೆ ನಿಂತು ಹೀಗೆ ಹೇಳುವುದನ್ನು ಆ ಜನ ಕಂಡಿರಲಿಲ್ಲ. ಕಾಂತಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊಲ ಆಕೆಯ ಬಳಿಯೇ ಉಳಿಯಲಿ ಎಂದು ಬಸವಲಿಂಗಯ್ಯನವರು ನಿರ್ಣಯ ಕೊಟ್ಟರು. ಆದರೆ ಕಲ್ಯಾಣಪ್ಪ ಮಾವ ಅಂದು ಮಾಸ್ತರರಿಗೆ ನಮಸ್ಕಾರ ಕೂಡ ಹೇಳದೆ ಹೊರಟುಹೋದರು.

ಮುಂದಿನ ರಜೆಯ ದಿನದಿಂದ ಮಾಸ್ತರರು ಗುದ್ದಲಿ, ಪಾರ್ವತಿಬಾಯಿಯವರು ಬುಟ್ಟಿ ಹಿಡಿದುಕೊಂಡು ಬಂದು ಮಾವನ ಹೊಲದಿಂದ ಗರಸನ್ನು ತೆಗೆಯತೊಡಗಿದರು. ಕಾಂತಾಬಾಯಿ ಬಂದು ಸೇರಿಕೊಂಡಳು. ನನ್ನ ಹೆಂಡತಿಯೂ ನಾನೂ ಹೋದೆವು. ಹಸಿ ಎರೆ ಎಷ್ಟು ಭಾರವೆಂಬುದು, ಅದು ಕಾಲಿಗೆ ಹತ್ತಿದರೆ ಹೆಜ್ಜೆಹೆಜ್ಜೆಗೂ ಹೇಗೆ ದಪ್ಪವಾಗುತ್ತ ಹೋಗುತ್ತದೆ ಎಂಬುದು ನನಗೆ ಪಾಠದಿಂದ ತಿಳಿದಿತ್ತು. ಮೈಗೆ ತಿಳಿದದ್ದು ಆಗ. ಮಾವ ದೂರದ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. ಬರುತ್ತಿರಲಿಲ್ಲ, ಬೇಡವೆನ್ನುತ್ತಲೂ ಇರಲಿಲ್ಲ. ಹೀಗೇ ಎಷ್ಟೋ ರಜೆಗಳು ಕಳೆದ ಮೇಲೆ ಒಂದು ದಿನ ಪಾರ್ವತಿಬಾಯಿಯವರು ತುಂಬಿದ ಬುಟ್ಟಿಯೊಡನೆ ಎಡವಿ ಬಿದ್ದರು. ಮಾವ ಮರದ ಕೆಳಗಿನಿಂದ ಓಡಿ ಬಂದು ಬುಟ್ಟಿಯನ್ನು ಕಸಿದುಕೊಂಡರು.

“ಏಳ್ರಿ ಅವ್ವಾ, ಏಳ್ರಿ. ನಾವು ಪಾದ ಹಿಡಿಯೋ ಮನಿ ನಿಮ್ಮದು. ನಮ್ಮ ಹೊಲದಾಗ ಬುಟ್ಟಿ ಹೊತ್ತು ನಮಗ ಪಾಪ ಕಟ್ಟಬ್ಯಾಡ್ರಿ.”

ಪಾರ್ವತಿಬಾಯಿಯವರು ಎದ್ದು ಕೈಯ ರಾಡಿಯನ್ನು ಒರೆಸಿಕೊಂಡರು. “ಪಾಪ ಪುಣ್ಯ ನನಗೇನ್ ತಿಳೀತದಪ್ಪಾ. ಇವರ ಕೈಯಿಂದ ನಿನ್ನ ಹೊಲ ಕೆಟ್ಟದ. ಮೊದಲಿನಂಗ ಆಗೋತನಕ ಇದು ನಮ್ಮ ಮನಿ ಕೆಲಸ. ಬುಟ್ಟಿ ಕೊಡು.”

ಮಾವ ಬುಟ್ಟಿ ಕೊಡಲಿಲ್ಲ. ಅದನ್ನು ತಾವೇ ಹೊತ್ತುಕೊಂಡು ಹೋಗಿ ಸುರುವಿ ಬಂದು, ಮನೆಗೆ ಆಳು ಕಳಿಸಿ ಬಂಡಿಗಳನ್ನು ತರಿಸಿದರು. ಕೆಳಗಿನ ಹೊಲದಿಂದ ತೆಗೆದ ಕಲ್ಲೆಲ್ಲ ಆ ಬಂಡಿಗಳಲ್ಲಿಯೇ ಮೇಲೇರಿತು. ಈ ಸಲ ಮಾಸ್ತರರು ಹೆಜ್ಜೆಹೆಜ್ಜೆಗೂ ಅಗೆದು ನೋಡಿದರು. ಎರೆ ಸಿಕ್ಕಲ್ಲಿ ಅದನ್ನು ತೆಗೆಸಿ ಗಟ್ಟಿ ಗರಸಿನ ಮೇಲೆ ಕಲ್ಲು ಕೂಡಿಸಿದರು. ಇಳಿಜಾರು ಎಲ್ಲೆಲ್ಲಿ ಬಾಗುತ್ತದೋ ಅಲ್ಲೆಲ್ಲ ಒಡ್ಡನ್ನೂ ಬಾಗಿಸಿದರು. ಹೆಚ್ಚಾದ ನೀರು ಮೆಲ್ಲಗೆ ಇಳಿಯಲೆಂದು ಹುಲ್ಲು ಹಚ್ಚಿದ ಹಾದಿಯೊಂದನ್ನು ಬಿಡಿಸಿದರು. ಆ ಹಾದಿಗೆ ಬೇಕಾದ ಜಾಗವನ್ನು ತಮ್ಮ ಹೊಲದಂಚಿನಲ್ಲಿ ಬಿಟ್ಟುಕೊಟ್ಟವರು ಕಲ್ಯಾಣಪ್ಪ ಮಾವ. ಮರುವರ್ಷದ ಎಳ್ಳ ಅಮಾವಾಸ್ಯೆಗೆ ಮಾವನ ಮನೆಯವರೂ ಮಾಸ್ತರರ ಮನೆಯವರೂ ನಾವೂ ಕಾಂತಾಬಾಯಿಯ ಹೊಲದಲ್ಲಿ ಕೂಡಿ ಭಜ್ಜಿ, ಸಜ್ಜೆಯ ಕಡಬು, ಅಂಬಲಿ ಉಂಡೆವು. ಮಾವ ಎರಡೆರಡು ಸಲ ಬಡಿಸಿಕೊಂಡರು. ಅವರು ಇಂದು ನಮ್ಮೊಂದಿಗಿಲ್ಲ.

ಈ ಪ್ರಸಂಗ ಮೇಲಿನವರ ಕಿವಿಗೆ ಬೀಳದೆ ಇರಲಿಲ್ಲ. ಸರಕಾರಿ ನೌಕರನಾಗಿ ಜನರ ಮುಂದೆ ತಪ್ಪೊಪ್ಪಿಕೊಂಡು ಖಾತೆಯ ಮಾನ ಕಳೆದರೆಂದು ಮೇಲಧಿಕಾರಿಯೊಬ್ಬರು ಅವರನ್ನು ಕರೆಸಿ ಬೈದರು. ಬರಬೇಕಾಗಿದ್ದ ಬಡ್ತಿ ಬರಲಿಲ್ಲ; ಉಮರ್ಗಾಕ್ಕೆ ವರ್ಗವಾಯಿತು. ಅದಕ್ಕಾಗಿ ಅವರು ಮರುಗಿದ್ದನ್ನು ನಾನು ಕಾಣೆ. ಉಮರ್ಗಾದಲ್ಲಿ ಪ್ರತಿ ವರ್ಷ ಹೊಸ ತರಗತಿಯ ಮೊದಲ ಪಾಠಕ್ಕೆ ಅವರು ಆರಿಸಿಕೊಳ್ಳುತ್ತಿದ್ದದ್ದು ಆ ಒಡೆದ ಒಡ್ಡಿನ ಕಥೆಯನ್ನೇ ಎಂದು ಅಲ್ಲಿಯ ಅವರ ಶಿಷ್ಯರು ಹೇಳುತ್ತಾರೆ. ಮುರುಮ ಊರಿನಿಂದ ಲೋಹಾರಾದವರೆಗೆ ಆ ಶಿಷ್ಯರು ಹಾಕಿದ ಒಡ್ಡುಗಳು ಇಂದು ನಿಂತಿವೆ. ಅವುಗಳಲ್ಲಿ ಬುಡ ಅಗೆದು ನೋಡದೆ ಕಟ್ಟಿದ್ದು ಒಂದೂ ಇರಲಾರದು.

ನಿವೃತ್ತಿ ಹತ್ತಿರವಾದಾಗ, ಮಾಸ್ತರರಿಗೆ ಸ್ವಂತ ಮನೆಯಿಲ್ಲವೆಂದು ತಿಳಿದ ಕಾಂತಾಬಾಯಿ ಉಮರ್ಗಾಕ್ಕೆ ಬಂದು, ತನ್ನ ಹೊಲದಲ್ಲಿ ಬೇಕಾದ ಮೂಲೆಯನ್ನು ಆರಿಸಿಕೊಂಡು ಮನೆ ಕಟ್ಟಿಸಿಕೊಳ್ಳಬೇಕೆಂದು ಕೇಳಿಕೊಂಡಳು. ಆಕೆಗೆ ಈಗ ತಲೆ ನರೆತಿದೆ, ತಂಗಿಯ ಮಗನನ್ನು ದತ್ತಕ್ಕೆ ತೆಗೆದುಕೊಂಡಿದ್ದಾಳೆ. ಮಾಸ್ತರರು ಕೈ ಮುಗಿದು ಒಲ್ಲೆನೆಂದರು.

“ಇಷ್ಟು ವರ್ಷ ಕಷ್ಟಪಟ್ಟು ಮಣ್ಣು ಕೂಡಿಸೀರಿ ತಾಯಿ. ಅದರ ಮ್ಯಾಲ ನಾ ಗ್ವಾಡಿ ಎಬ್ಬಿಸಿ ಕೂಡಲೇನು?”

ಉಮರ್ಗಾದ ಹೊರಗೆ ಮುರುಮದ ದಾರಿಯಲ್ಲಿ ಏನೂ ಬೆಳೆಯದ ಬಂಡೆಯೊಂದನ್ನು ಹುಡುಕಿ, ಅದರ ಮೇಲೆ ಅವರು ಚಿಕ್ಕ ಮನೆ ಕಟ್ಟಿಸಿದ್ದಾರೆ. ಬಿರುಕು ಬಿಡುವ ಭಯವಿಲ್ಲ. ಪೂಜೆಗೊಂದು ಬಿಲ್ವಪತ್ರೆಯ ಗಿಡ ಹಚ್ಚಲು ಹಿಡಿ ಮಣ್ಣಿಲ್ಲವೆಂಬುದೊಂದೇ ಪಾರ್ವತಿಬಾಯಿಯವರ ದೂರಾಗಿತ್ತು. “ಊರಿಗೆಲ್ಲ ಮಣ್ಣಿನ ಪಾಠ ಹೇಳಿ, ನನ್ನನ್ನ ತಂದು ಕಲ್ಲಿನ ಮ್ಯಾಲ ಕೂಡಿಸ್ಯಾರ ನೋಡ್ರಿ,” ಎಂದು ಮನೆ ಏಳುತ್ತಿದ್ದಾಗಲೇ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಗೃಹಪ್ರವೇಶದ ದಿನ ನಾವೆಲ್ಲ ಅಲ್ಲಿದ್ದೆವು. ಊಟದ ಹೊತ್ತಿಗೆ ಒಂದು ಬಂಡಿ ಬಂದು ಅಂಗಳದ ಮುಂದೆ ನಿಂತಿತು. ಕಾಂತಾಬಾಯಿ ಇಳಿದಳು. ಬಂಡಿಯ ತುಂಬ ಮಣ್ಣು. ಕಪ್ಪಾದ, ಪುಡಿಪುಡಿಯಾದ, ಹಿ‌ಡಿದರೆ ಉಂಡೆಯಾಗಿ ಬೆರಳಾಡಿಸಿದರೆ ಉದುರುವ ಮಣ್ಣು. ಮಾಸ್ತರರು ಅದನ್ನು ಕಂಡು ನಿಜವಾಗಿಯೂ ಸಿಟ್ಟಾದರು.

“ಏನಿದು ಕಾಂತಾಬಾಯಿ? ಹೊಲದ ಮಣ್ಣು ಕಡದು ತಂದೀರೇನು? ಇಷ್ಟು ದಿನ ನಾ ಹೇಳಿದ್ದು ಇದಕ್ಕೇನು?”

“ಕಡದಿಲ್ರಿ ಮಾಸ್ತರ್,” ಎಂದಳು ಆಕೆ. “ಹೊಲ ತುಂಬಿ ಒಡ್ಡಿನ ಮ್ಯಾಲ ಬಂದದ. ಹೆಚ್ಚಾಗಿದ್ದು ತಂದೀನಿ.”

ಮಾಸ್ತರರು ಬಂಡಿಯ ಬಳಿಗೆ ಹೋದರು. ಒಂದು ಮುಷ್ಟಿ ಮಣ್ಣನ್ನು ತೆಗೆದುಕೊಂಡು ಹಿಸುಕಿದರು, ಮೂಸಿದರು. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಪಾರ್ವತಿಬಾಯಿಯವರನ್ನು ಕೂಗಿ ಕರೆದರು. ಅಂದು ಸಂಜೆಯೊಳಗೆ ಆ ಬಂಡೆಯ ಮೇಲೆ ಕಲ್ಲಿನ ಕಟ್ಟೆಯೊಂದು ಎದ್ದಿತು, ಅದರೊಳಗೆ ಕಾಂತಾಬಾಯಿಯ ಹೊಲದ ಮಣ್ಣು, ಅದರಲ್ಲಿ ಬಿಲ್ವದ ಒಂದು ಸಸಿ.

ಮೊನ್ನೆ ಹೋದಾಗ ಆ ಸಸಿ ಹೊಸ ಎಲೆ ಬಿಟ್ಟಿತ್ತು. ಮಾಸ್ತರರು ಮನೆಯಲ್ಲಿರಲಿಲ್ಲ, ಲೋಹಾರಾ ಕಡೆಯ ಯಾರೋ ರೈತರು ಬಾವಿ ತೋಡಿಸುವ ಮೊದಲು ನೆಲ ತೋರಿಸಲು ಕರೆದುಕೊಂಡು ಹೋಗಿದ್ದರು. ಸಸಿ ದೊಡ್ಡದಾಗಿ, ಮರವಾಗಿ, ಮನೆಗೆಲ್ಲ ನೆರಳಾಗಲಿ; ಆ ಮರದ ಪತ್ರೆಯನ್ನು ಮಾಸ್ತರರು ದಿನದಿನವೂ ತಮ್ಮ ಕೈಯಿಂದಲೇ ಕಿತ್ತು ಶಿವನಿಗೆ ಏರಿಸಲಿ; ಏರಿಸಿ, ಗುದ್ದಲಿ ತೆಗೆದುಕೊಂಡು, ಕರೆದವರ ಹೊಲಕ್ಕೆ ನಡೆದು ಹೋಗುವಷ್ಟು ಕಸುವು ಅವರ ಕಾಲಿಗೆ ಇನ್ನೂ ಬಹುಕಾಲ ಇರಲಿ ಎಂದು, ಅವರ ಮನೆಯಲ್ಲಿ ಹುಟ್ಟಿದ ಮಗಳ ತಂದೆಯಾಗಿ ನಾನು ಬೇಡಿಕೊಳ್ಳುತ್ತೇನೆ.